ಗೇಟಿನ ಮೊಳೆಯಲ್ಲಿ ಎರಡು ಬಂಗುಡೆ

ಉಡುಪಿಯ ಬನ್ನಂಜೆಯ ಈ ಓಣಿಯಲ್ಲಿ ನನಗೊಂದು ಅಡ್ಡಹೆಸರಿತ್ತು: ಎರಡು ಬಂಗುಡೆ ಮೇಡಂ. ಇಟ್ಟವರು ಕಾಪುವಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಮೀನು ತಂದು ಮನೆಮನೆಗೆ ಮಾರುತ್ತಿದ್ದ ಅಕ್ಕ. ಓಣಿಯಲ್ಲಿ ಮೀನು ತಿನ್ನುವ ಮನೆಗಳು ಐದು. ಉಳಿದ ನಾಲ್ಕು ಮನೆಯವರು ಹತ್ತು, ಹದಿನೈದು ಬಂಗುಡೆ ತೆಗೆದುಕೊಳ್ಳುವಲ್ಲಿ ನಾನು ತೆಗೆದುಕೊಳ್ಳುತ್ತಿದ್ದದ್ದು ಎರಡು. ಒಂದು ಸಂಜೆಯ ಊಟಕ್ಕೆ, ಇನ್ನೊಂದು ಮರುದಿನದ ಬುತ್ತಿಗೆ. ಇಂಥ ಗಿರಾಕಿಯನ್ನು ಯಾವ ಮೀನಿನವರೂ ಕಾಯುವುದಿಲ್ಲ. ಅಕ್ಕ ಕಾಯುತ್ತಿದ್ದರು. ಎಂಟೂವರೆಗೆ ಗೇಟಿನ ಬಳಿ ಬುಟ್ಟಿ ಇಳಿಸಿ, ಮಹಡಿಯ ಕಡೆ ತಲೆ ಎತ್ತಿ, "ಎರಡು ಬಂಗುಡೆ ಮೇಡಂ ಉಂಟಾ?" ಎಂದು ಕೂಗುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ಬಾಯಲ್ಲಿ ಅದು ಇನ್ನೂ ಚುರುಕಾಗಿತ್ತು.

ಒಂಬತ್ತು ವರ್ಷ ಹೀಗೆ ನಡೆಯಿತು. ದಿನಕ್ಕೆ ಹತ್ತು ನಿಮಿಷದ ಮಾತು. ಕಡಲು ಹೇಗಿತ್ತು, ಯಾವ ದೋಣಿಗೆ ಎಂತ ಸಿಕ್ಕಿತು, ಅವರ ಮಂಡಿನೋವು, ನನ್ನ ಸೊಂಟನೋವು. ನನ್ನ ಸೀರೆ ಕಂಡು "ಇವತ್ತೆಂತ ಮದಿಮಾಳು ಆಗಿದ್ದೀರಿ?" ಎಂದು, ಮದುಮಗಳಿಗೆ ಹೋಲಿಸಿ, ತಮಾಷೆ ಮಾಡುವ ಧೈರ್ಯ ಇದ್ದದ್ದೂ ಅವರಿಗೊಬ್ಬರಿಗೇ. ನನಗೀಗ ನಲವತ್ತೆಂಟು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವವರೂ ಈಗ ಉಳಿದಿಲ್ಲ. ಮಣಿಪಾಲದ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಬಿಳಿ ಕೋಟು ಹಾಕಿಕೊಂಡು ದಿನವಿಡೀ ಬೇರೆಯವರ ಅಡುಗೆಮನೆಯ ತಪ್ಪುಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸುತ್ತೇನೆ. ಮಾತಾಡಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಸಂಜೆ ಮಹಡಿ ಹತ್ತಿ ಬಾಗಿಲು ಹಾಕಿದರೆ ಮರುದಿನ ಎಂಟೂವರೆಯ ತನಕ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಅಕ್ಕನ ಆ ಹತ್ತು ನಿಮಿಷ ನನಗೆ ಎಷ್ಟು ಬೇಕಾಗಿತ್ತು ಎಂಬುದು ಅದನ್ನು ಕೈಯಾರೆ ಕಳೆದುಕೊಂಡ ಮೇಲಷ್ಟೇ ಗೊತ್ತಾಯಿತು.

ಮನೆಯಲ್ಲಿ ಇಲ್ಲದ ದಿನಕ್ಕೆ ನಮ್ಮಲ್ಲೊಂದು ಕ್ರಮವಿತ್ತು. ಗೇಟಿನ ಕಂಬದಲ್ಲಿ ಹಾಲಿನ ಚೀಲ ಸಿಕ್ಕಿಸುವ ಮೊಳೆಯಿದೆ. ಅಕ್ಕ ಎರಡು ಬಂಗುಡೆಯನ್ನು ಐಸಿನ ಜೊತೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಯ ಚೀಲಕ್ಕೆ ಹಾಕಿ, ಬೆಕ್ಕಿಗೆ ಸಿಗದಷ್ಟು ಎತ್ತರದ ಆ ಮೊಳೆಗೆ ನೇತುಹಾಕಿ ಹೋಗುತ್ತಿದ್ದರು. ನಾನು ಗಂಟೆಯೊಳಗೆ ಬಂದು ಫ್ರಿಜ್ಜಿಗೆ ಸೇರಿಸುತ್ತಿದ್ದೆ.

ಆ ದಿನ ನವರಾತ್ರಿ ಕಳೆದು ವಾರವಾಗಿತ್ತು. ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿದ್ದ ಹೊತ್ತು. ಕಾರ್ಕಳದಲ್ಲಿ ಹೋಟೆಲು ಮತ್ತು ಮದುವೆ ಅಡುಗೆಯವರಿಗೆ ಒಂದು ತರಬೇತಿ, ಪಾಠ ಮಾಡಬೇಕಾದವಳು ನಾನು. ಹಿಂದಿನ ದಿನವೇ ಅಕ್ಕನಿಗೆ ಹೇಳಿದ್ದೆ.

"ಹತ್ತೂವರೆ, ಹನ್ನೊಂದಕ್ಕೆಲ್ಲ ಬರ್ತೇನೆ. ಮೊಳೆಗೆ ಹಾಕಿಬಿಡಿ."

"ಕೆಳಗಿನ ಮನೆಯ ಅಮ್ಮನ ಹತ್ರ ಕೊಡುದಾ ಹಾಗಾದ್ರೆ? ಅವರಲ್ಲಿ ಫ್ರಿಜ್ಜು ಉಂಟಲ್ಲ."

"ಬೇಡ ಅಕ್ಕ, ಸುಮ್ಮನೆ ಅವರಿಗೆ ಯಾಕೆ ತೊಂದರೆ."

ಕೆಳಗಿನ ಮನೆಯ ಅಮ್ಮ ಎಂದರೆ ಈ ಮನೆಯ ಮಾಲಕಿ. ಒಳ್ಳೆಯವರು. ಎರಡು ಮೀನು ಇಟ್ಟುಕೊಳ್ಳುವುದು ಅವರಿಗೆ ತೊಂದರೆಯೇ ಅಲ್ಲ. ಆದರೆ ಯಾರ ಹತ್ತಿರವೂ ಏನೂ ಕೇಳಬಾರದೆಂಬುದು ನನ್ನ ಹಳೆಯ ಹಟ. ಕೇಳಿದರೆ ಒಬ್ಬಂಟಿಯೆಂದು ಕನಿಕರ ಪಡುತ್ತಾರೆಂಬ ಭಯ. ಇಷ್ಟು ವಯಸ್ಸಾದರೂ ಆ ಬುದ್ಧಿ ಹೋಗಿಲ್ಲ.

ಕಾರ್ಕಳದಲ್ಲಿ ಬೆಳಿಗ್ಗೆ ಏಳಕ್ಕೆ ಶುರುವಾಗಬೇಕಿದ್ದ ಪಾಠ, ಎಲ್ಲರೂ ಸೇರಿ ಶುರುವಾಗುವಾಗ ಹತ್ತು ಗಂಟೆ. ಆದರೂ ಚೆನ್ನಾಗಿಯೇ ಆಯಿತು. ಹಲಗೆಯ ಮೇಲೆ ಬಂಗುಡೆಯ ಚಿತ್ರ ಬರೆದು ಅಡುಗೆಯವರಿಗೆ ಹೇಳಿದೆ: ಮೀನಿನ ಕಿವಿರಿನಲ್ಲಿ, ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಮೊದಲಿಂದಲೇ ಇರುತ್ತವೆ. ಮೀನು ಬದುಕಿರುವ ತನಕ ಅವು ಅವುಗಳ ಪಾಡಿಗೆ ಇರುತ್ತವೆ. ಸತ್ತು, ಐಸಿಲ್ಲದೆ ಬೆಚ್ಚಗಾದರೆ ಅವುಗಳಿಗೆ ಹಬ್ಬ. ಬಂಗುಡೆ, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬುದೊಂದು ಧಾರಾಳವಾಗಿದೆ. ಬ್ಯಾಕ್ಟೀರಿಯಾ ಅದನ್ನು ಉಂಡು, ತನಗೆ ಬೇಕಾದ್ದನ್ನು ಇಟ್ಟುಕೊಂಡು, ಹಿಸ್ಟಮಿನ್ ಎಂಬ ಬೇರೊಂದನ್ನು ಹೊರಗೆ ಬಿಡುತ್ತದೆ. ಅದಕ್ಕೆ ನಮ್ಮ ಮೇಲೆ ಹಗೆಯೇನೂ ಇಲ್ಲ, ಅದರ ಊಟ ಅದು. ಇಡ್ಲಿಯ ಹಿಟ್ಟು ಉಬ್ಬುವುದೂ ಇಂಥದೇ ಊಟದಿಂದ. ಒಂದನ್ನು ಹಬೆಯಲ್ಲಿ ಬೇಯಿಸಿ ತಿನ್ನುತ್ತೇವೆ, ಇನ್ನೊಂದು ನಮ್ಮನ್ನು ಆಸ್ಪತ್ರೆಗೆ ಕಳಿಸುತ್ತದೆ. "ವಾಸನೆ ಬರದಿದ್ದರೂ ನಂಬಬೇಡಿ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯ್ತದೆ, ಅದು ಮಾಡಿಟ್ಟದ್ದು ಸಾಯುದಿಲ್ಲ. ಕಾದ ಎಣ್ಣೆಗೂ ಅದು ಜಗ್ಗುದಿಲ್ಲ," ಎಂದೆ. ಅಡುಗೆಯವರು ಬರೆದುಕೊಂಡರು. ಆ ಹೊತ್ತಿಗೆ ನನ್ನ ಎರಡು ಬಂಗುಡೆ ಬನ್ನಂಜೆಯಲ್ಲಿ ಮೊಳೆಗೆ ನೇತಾಡುತ್ತಿದ್ದವು.

ಪಾಠ ಮುಗಿದಾಗ ಅಡುಗೆಯವರು ಊಟಕ್ಕೆ ಕರೆದರು. ಅವರೇ ಮಾಡಿದ ಊಟ, ಬಾಳೆಲೆ, ಸಾಲಾಗಿ ಕೂತು ನಗುತ್ತಾ ಉಣ್ಣುವ ಮೂವತ್ತು ಜನ. ಜೊತೆಯಲ್ಲಿ ಕೂತು ಉಣ್ಣಲು ಕರೆದರೆ ಬೇಡ ಅನ್ನುವಷ್ಟು ಶ್ರೀಮಂತಳಲ್ಲ ನಾನು. ಕೂತೆ. ಪಾಯಸಕ್ಕೂ ನಿಂತೆ. ಆಮೇಲೆ ಉಡುಪಿಗೆ ಸೀದಾ ಹೋಗುವ ಬಸ್ಸು ಬಿಟ್ಟು ಬೆಳ್ಮಣ್ ಮೇಲಿಂದ ಹೋಗುವುದಕ್ಕೆ ಹತ್ತಿದೆ. ಬೆಳ್ಮಣ್ ಅಮ್ಮನ ಊರು. ಅಮ್ಮ ಹೋಗಿ ಆರು ವರ್ಷ, ಅಲ್ಲಿ ನಮ್ಮದೆನ್ನುವ ಮನೆಯೂ ಈಗಿಲ್ಲ, ಸುಮ್ಮನೆ ಕಿಟಕಿಯಿಂದ ನೋಡಿಕೊಂಡು ಹೋಗುವ ಆಸೆ.

ನೋಡುತ್ತಿದ್ದಂತೆ ಅಮ್ಮನ ನಂಜು ನೆನಪಾಯಿತು. ಅಮ್ಮನಿಗೆ ಬಂಗುಡೆ ಎಂದರೆ ಪ್ರಾಣ. ನಾನು ಸಣ್ಣವಳಿದ್ದಾಗ ಒಮ್ಮೆ ಬಂಗುಡೆ ಸಾರು ಉಂಡು ಮುಖ, ಕುತ್ತಿಗೆ ಕೆಂಪಾಗಿ, ತಲೆ ಸಿಡಿಯುತ್ತದೆಂದು ಮಲಗಿದರು. "ನಿನಗೆ ಬಂಗುಡೆ ನಂಜು," ಎಂದರು ಮನೆಯ ಹಿರಿಯರು. ಅಷ್ಟೇ. ಸಾಯುವ ತನಕ ಅಮ್ಮ ಬಂಗುಡೆ ಮುಟ್ಟಲಿಲ್ಲ, ನಮಗೆ ಹುರಿದು ಬಡಿಸಿ ವಾಸನೆ ಮಾತ್ರ ಕುಡಿಯುತ್ತಿದ್ದರು. ಆ ಕಾಲಕ್ಕೆ ಮೀನು ಬೆಳ್ಮಣ್‌ಗೆ ಬರುತ್ತಿದ್ದದ್ದು ಮಧ್ಯಾಹ್ನದ ಬಸ್ಸಿನ ಮೇಲೆ, ಐಸಿಲ್ಲದೆ. ಕಾಲೇಜಿನಲ್ಲಿ ಹಿಸ್ಟಮಿನ್ ಪಾಠ ಓದಿದ ದಿನ ಓಡಿಹೋಗಿ ಫೋನು ಮಾಡಿ, "ಅಮ್ಮ, ಅದು ನಂಜಲ್ಲ, ಆ ಒಂದು ದಿನದ ಮೀನಿನ ದೋಷ ಅಷ್ಟೆ, ನೀನು ತಿನ್ನಬಹುದು," ಎಂದೆ. "ನಿನ್ನ ಪುಸ್ತಕ ನಿನಗಿರಲಿ ಮಾರಾಯ್ತಿ," ಎಂದು ಇಟ್ಟುಬಿಟ್ಟರು. ಇದನ್ನು ನೆನೆದು ಒಬ್ಬಳೇ ನಗುತ್ತಿರುವಾಗ ಮೊಳೆಯ ಚೀಲ ನೆನಪಿಗೆ ಬಂತು. ಗಡಿಯಾರ ನೋಡಿದೆ. ಎರಡೂಕಾಲು.

ಮನೆ ಮುಟ್ಟುವಾಗ ಮೂರೂವರೆ. ಬಿಸಿಲು ನೇರ ಕಂಬಕ್ಕೇ ಹೊಡೆಯುತ್ತಿತ್ತು. ಚೀಲ ಬಿಚ್ಚಿದೆ. ಐಸು ಎಲ್ಲ ನೀರಾಗಿ, ಆ ನೀರೂ ಬೆಚ್ಚಗಾಗಿತ್ತು. ಮೀನು ಮೂಸಿದೆ. ವಾಸನೆಯಿಲ್ಲ. ಕಿವಿರು ಎತ್ತಿದೆ, ಕೆಂಪು ಸ್ವಲ್ಪ ಮಾಸಿತ್ತು ಅಷ್ಟೆ. ಬಿಸಾಡಬೇಕಿತ್ತು. ನಾಲ್ಕು ಗಂಟೆಯ ಹಿಂದೆ ಮೂವತ್ತು ಜನರಿಗೆ ಬಿಸಾಡಿ ಎಂದು ಹೇಳಿ ಬಂದವಳು ನಾನು. ಆದರೆ ಲ್ಯಾಬಿನಿಂದ ಹೊರಗೆ ನಾನೂ ಈ ಕಡಲತೀರದವಳೇ. ವಾಸನೆ ಬರದ ಬಂಗುಡೆಯನ್ನು ಬಿಸಾಡಲು ಕೈ ಬರುವುದಿಲ್ಲ. ನಿಯಮವೆಲ್ಲ ಹೋಟೆಲಿನವರಿಗೆ, ನನಗಲ್ಲ ಎಂದು ಎಲ್ಲೋ ಒಳಗೆ ಇತ್ತೆಂದು ಕಾಣುತ್ತದೆ. ಒಂದನ್ನು ಫ್ರಿಜ್ಜಿಗೆ ಹಾಕಿ, ಇನ್ನೊಂದಕ್ಕೆ ಮೆಣಸು, ಹುಳಿ ಮೆತ್ತಿ ತೆಂಗಿನೆಣ್ಣೆಯಲ್ಲಿ ಹುರಿದು, ಐದು ಗಂಟೆಗೆಲ್ಲ ತಿಂದೆ.

ತಿನ್ನುವಾಗಲೇ ನಾಲಿಗೆಯ ತುದಿ ಚುರುಚುರು ಎಂದಿತು. ಮೆಣಸು ಹೆಚ್ಚಾಯಿತೆಂದುಕೊಂಡೆ. ಪಾತ್ರೆ ತೊಳೆಯುವ ಹೊತ್ತಿಗೆ ಕಿವಿ ಬಿಸಿಯಾಯಿತು. ಕನ್ನಡಿ ನೋಡಿದರೆ ಮುಖ, ಕುತ್ತಿಗೆ, ಎದೆ ಕೆಂಡ. ಅಮ್ಮನ ಅದೇ ಮುಖ. ಎದೆ ಡವಡವ ಹೊಡೆದುಕೊಳ್ಳತೊಡಗಿತು, ತಲೆ ಸಿಡಿಯಿತು, ನೆಲ ಜಾರಿತು. ಏನಾಗುತ್ತಿದೆ ಎಂಬುದು ಒಂದೊಂದೇ ಹಂತವಾಗಿ ನನಗೆ ಗೊತ್ತಿತ್ತು. ಗೊತ್ತಿದ್ದು ಏನೂ ಉಪಯೋಗವಾಗಲಿಲ್ಲ. ಅಡುಗೆಮನೆಯ ನೆಲದಲ್ಲಿ ಕೂತು, ಈಗ ಬಿದ್ದರೆ ಯಾರಿಗೆ ಎಷ್ಟು ಹೊತ್ತಿಗೆ ಗೊತ್ತಾಗಬಹುದು ಎಂದು ಲೆಕ್ಕ ಹಾಕಿದೆ. ನಾಳೆ ಎಂಟೂವರೆಗೆ, ಅಕ್ಕ ಕೂಗಿ ನಾನು ಓಗೊಡದಿದ್ದಾಗ. ಅದಕ್ಕೆ ಮೊದಲು ಯಾರಿಗೂ ಇಲ್ಲ. ಅಷ್ಟು ಹೆದರಿಕೆ ನನಗೆ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ.

ಮೆಟ್ಟಿಲಲ್ಲಿ ಕೂತು ಕೂತು ಇಳಿದು ಕೆಳಗಿನ ಮನೆಯ ಬಾಗಿಲು ಬಡಿದೆ. ಮಾಲಕಿ ಅಮ್ಮ ಆಟೋ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ಇಂಜೆಕ್ಷನ್, ಎರಡು ಗಂಟೆ ಮಂಚ. ಏಳೂವರೆಗೆ ಕೆಂಪು ಇಳಿದಿತ್ತು. ವಾಪಸು ಬರುವ ಆಟೋದಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡು ಕೇಳಿದರು, "ಎಂತ ತಿಂದದ್ದು ನೀವು?"

"ಬಂಗುಡೆ. ಮೀನು ಸರಿ ಇರಲಿಲ್ಲ."

ಅಲ್ಲಿಂದ ಶುರುವಾಯಿತು. ಸರಿ ಇರಲಿಲ್ಲ ಎಂದದ್ದು ಸುಳ್ಳಲ್ಲ. ಆದರೆ ಯಾರ ಕೈಯಲ್ಲಿ ಸರಿ ಇಲ್ಲದಾಯಿತು ಎಂಬುದನ್ನು ನುಂಗಿಕೊಂಡೆ. ಆಹಾರ ಕೆಡದ ಹಾಗೆ ನೋಡಿಕೊಳ್ಳಿ ಎಂದು ಊರಿಗೆಲ್ಲ ಪಾಠ ಮಾಡುವವಳು ಏಳು ಗಂಟೆ ಬಿಸಿಲಲ್ಲಿ ನೇತಾಡಿದ ಮೀನು ತಿಂದಳು ಎಂದು ಹೇಳುವುದು ಹೇಗೆ?

ಮರುದಿನ ಎಂಟೂವರೆಗೆ ಅಕ್ಕ ಬಂದರು. ಸುದ್ದಿ ಓಣಿಯಲ್ಲಿ ಆಗಲೇ ಹರಡಿತ್ತು, ನಾಲ್ಕೂ ಮನೆಯ ಹೆಂಗಸರು ಗೇಟಿನ ಹತ್ತಿರ ಸೇರಿದ್ದರು. ನಾನು ಇಳಿದು ಬಂದೆ. ಹಿಂದಿನ ದಿನದ ಹೆದರಿಕೆ ಅಷ್ಟೂ ಸಿಟ್ಟಾಗಿತ್ತು. ಯಾರ ಮೇಲಾದರೂ ಅದನ್ನು ಇಳಿಸಬೇಕಿತ್ತು.

"ನಿನ್ನೆ ಎಂಥ ಮೀನು ಕೊಟ್ಟದ್ದು ಅಕ್ಕ? ಜೀವ ಹೋಗುದರಲ್ಲಿತ್ತು ನನಗೆ."

ಅಕ್ಕ ಬುಟ್ಟಿ ಇಳಿಸದೆ ಹಾಗೇ ನಿಂತರು. "ಬೆಳಿಗ್ಗೆ ದೋಣಿಯಿಂದ ಇಳಿಸಿದ ಮೀನು ಮೇಡಂ. ಐಸು ಹಾಕಿಯೇ ತಂದದ್ದು."

"ದೋಣಿಯಲ್ಲೇ ಕೆಟ್ಟಿರಬಹುದು. ನೋಡಿದರೆ ಗೊತ್ತಾಗುದಿಲ್ಲ ಅದು. ನನಗೆ ಗೊತ್ತುಂಟು, ನನ್ನ ಕೆಲಸವೇ ಅದು."

ಅಕ್ಕ ಮೆಲ್ಲಗೆ ಕೇಳಿದರು, "ನೀವು ಬಂದದ್ದು ಎಷ್ಟು ಗಂಟೆಗೆ?"

ನಾಲ್ಕು ಮನೆಯವರು ನನ್ನ ಕಡೆ ತಿರುಗಿದರು.

"ಹೇಳಿದ ಹೊತ್ತಿಗೇ. ಹನ್ನೊಂದಕ್ಕೆ," ಎಂದೆ.

ಅಕ್ಕ ಇಳಿಸದ ಬುಟ್ಟಿಯ ಜೊತೆಯೇ ತಿರುಗಿ ನಡೆದರು. ಆ ದಿನ ಯಾರೂ ಮೀನು ತೆಗೆದುಕೊಳ್ಳಲಿಲ್ಲ. ಮರುದಿನವೂ ತೆಗೆದುಕೊಳ್ಳಲಿಲ್ಲ. ಲ್ಯಾಬಿನ ಮೇಡಮ್ಮೇ ಹೇಳಿದ ಮೇಲೆ ಯಾರಿಗೆ ಧೈರ್ಯ? ಮೂರನೆಯ ದಿನ "ಎರಡು ಬಂಗುಡೆ ಮೇಡಂ" ಎಂಬ ಕೂಗು ಕೇಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಹೆದರಿಕೆಯಲ್ಲಿ ಬಾಯಿತಪ್ಪಿ ಬಂತು ಎನ್ನಬಹುದಿತ್ತು. ಆದರೆ ಗೇಟಿನ ಬಳಿ ಮಾತಾದ ಆ ದಿನವೇ ಕೆಳಗಿನ ಅಮ್ಮ, ನನ್ನನ್ನು ಸಮಾಧಾನ ಮಾಡಲೆಂದೇ, ಒಂದು ಮಾತು ಹೇಳಿದ್ದರು: "ಅದೇ ಬುಟ್ಟಿಯ ಬಂಗುಡೆ ನಾವೂ ತಿಂದೆವು. ನಮಗೆಂತ ಆಗಲಿಲ್ಲ. ನಿಮಗೆ ನಂಜು ಇರಬೇಕು." ಅವರ ಫ್ರಿಜ್ಜಿನಲ್ಲಿ ಇನ್ನೂ ನಾಲ್ಕು ಉಳಿದಿದ್ದವು. ಒಂದು ಕೇಳಿ ತೆಗೆದುಕೊಂಡೆ. ನನ್ನಲ್ಲಿ ಉಳಿದಿದ್ದ ಇನ್ನೊಂದನ್ನೂ ಸೇರಿಸಿ, ಎರಡನ್ನೂ ಐಸಿನ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಒಯ್ದೆ. ಒಂದೇ ದೋಣಿ, ಒಂದೇ ಬುಟ್ಟಿ, ಒಂದೇ ಬೆಳಿಗ್ಗೆ. ಅಮ್ಮನ ಮೀನು ಎಂಟೂವರೆಗೆ ಫ್ರಿಜ್ಜು ಸೇರಿದ್ದು, ನನ್ನದು ಮೂರೂವರೆಗೆ. ಫಲಿತಾಂಶ ಬಂತು. ಅಮ್ಮನ ಮೀನಿನಲ್ಲಿ ಹಿಸ್ಟಮಿನ್ ಇಲ್ಲವೆನ್ನುವಷ್ಟು ಕಡಿಮೆ. ನನ್ನದರಲ್ಲಿ ಬೇಕಾದಷ್ಟು. ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆಯನ್ನು ನಾನು ಇಷ್ಟು ವರ್ಷಗಳಲ್ಲಿ ಮಾಡಿದ್ದಿಲ್ಲ.

ಸಂಜೆ ಮೆಟ್ಟಿಲ ಬಳಿ ಕೆಳಗಿನ ಅಮ್ಮ ಕೇಳಿದರು, "ಎಂತ ಬಂತು ಲ್ಯಾಬಿನಲ್ಲಿ?"

"ಸ್ಯಾಂಪಲ್ ಸಾಕಾಗಲಿಲ್ಲ ಅಮ್ಮ."

ಆ ಕಾಗದವನ್ನು ಮೇಜಿನ ಕೆಳಗಿನ ಡ್ರಾಯರಿನಲ್ಲಿ ಇಟ್ಟೆ. ಹರಿದು ಬಿಸಾಡುವಷ್ಟು ಕೆಟ್ಟವಳಾಗಲು ನನ್ನಿಂದಾಗಲಿಲ್ಲ, ತೋರಿಸುವಷ್ಟು ಒಳ್ಳೆಯವಳಾಗಲೂ ಆಗಲಿಲ್ಲ.

ಅಕ್ಕನ ಜಾಗಕ್ಕೆ ಸ್ಕೂಟರಿನವನೊಬ್ಬ ಬಂದ. ಹಿಂದೆ ಥರ್ಮಾಕೋಲಿನ ಪೆಟ್ಟಿಗೆ, ಕೈಯಲ್ಲಿ ತಕ್ಕಡಿ, ಪೀಂ ಪೀಂ ಹಾರನ್ನು. ಅರ್ಧ ಕಿಲೋಗಿಂತ ಕಡಿಮೆ ಕೊಡುವುದಿಲ್ಲ. "ಇಬ್ಬರಿಗೆ ಅಷ್ಟಾದರೂ ಬೇಕಲ್ವಾ ಮೇಡಂ?" ಎಂದ ಮೊದಲ ದಿನ. ಒಬ್ಬಳೇ ಎಂದು ಹೇಳಲು ಹೋಗಲಿಲ್ಲ. ನಾನು ಮೀನು ಕೊಳ್ಳುವುದನ್ನೇ ಬಿಟ್ಟೆ. ಬೆಳಿಗ್ಗೆ ಎಂಟೂವರೆಗೆ ಕೈಯಲ್ಲಿ ಪಾತ್ರೆ ಹಿಡಿದು ಸುಮ್ಮನೆ ಬಾಲ್ಕನಿಯಲ್ಲಿ ನಿಲ್ಲುವ ಅಭ್ಯಾಸ ಮಾತ್ರ ಹೋಗಲಿಲ್ಲ. ಎಷ್ಟೋ ದಿನ ನಾನು ಆಡಿದ ಮೊದಲ ಮಾತು ಬಸ್ಸಿನ ಕಂಡಕ್ಟರನಿಗೆ, "ಮಣಿಪಾಲ ಒಂದು." ಕೊನೆಯ ಮಾತು, "ಬನ್ನಂಜೆ ಒಂದು." ನಡುವೆ ಬ್ಯಾಕ್ಟೀರಿಯಾಗಳ ಜೊತೆ ಮೌನ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಅಸಹ್ಯ ಪಟ್ಟುಕೊಂಡೇ ನಾಲ್ಕು ತಿಂಗಳು ಕಳೆದೆ.

ಫೆಬ್ರುವರಿಯಲ್ಲಿ ಕಾಪುವಿನ ಹತ್ತಿರದ ಇನ್ನಂಜೆ ಎಂಬ ಊರಿನಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಪಾಠವಿತ್ತು. ಅದೇ ಬಂಗುಡೆಯ ಚಿತ್ರ, ಅದೇ ಮಾತು. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ವಯಸ್ಸಾದವರು ಎದ್ದು ನಿಂತರು.

"ಮೇಡಂ, ಒಂದು ಕೇಳುದಾ? ಮೀನಿಗೆ ದೋಣಿಯವ ಒಬ್ಬ, ಮಾರುವವಳು ಒಬ್ಬಳು, ತಗೊಂಡು ಹೋದವಳು ಒಬ್ಬಳು. ಯಾರ ಕೈಯಲ್ಲಿ ಹಾಳಾಯ್ತು ಅಂತ ಹೇಗೆ ಗೊತ್ತಾಗುದು?"

"ಅದು ಮೀನು ನೋಡಿ ಗೊತ್ತಾಗುದಿಲ್ಲ. ಪ್ರತಿಯೊಬ್ಬರೂ ಎಷ್ಟು ಹೊತ್ತು ಹೊರಗೆ ಇಟ್ಟಿದ್ದರೆಂದು ಕೇಳಬೇಕು," ಎಂದೆ.

"ಅವರು ಸತ್ಯ ಹೇಳಬೇಕಲ್ಲ ಮತ್ತೆ," ಎಂದು ಅವರು ನಗುತ್ತಾ ಕೂತರು. ಎಲ್ಲರೂ ನಕ್ಕರು. ನೀರು ಕುಡಿದೆ, ಹಾಜರಿ ಪಟ್ಟಿಗೆ ಸಹಿ ಹಾಕಿದೆ, ಆಟೋ ಹಿಡಿದು ಉಡುಪಿಯ ಬದಲು ಕಾಪುವಿಗೆ ಹೋದೆ.

ಕಡಲ ಬದಿಯ ರಸ್ತೆಯಲ್ಲಿ ಎರಡು ಕಡೆ ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ಅಕ್ಕ ಅಂಗಳದಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದರು. ನನ್ನನ್ನು ನೋಡಿ ಏಳಲು ಹೋದರು, ಬೇಡವೆಂದೆ. ಕುರ್ಚಿ ತರಿಸಿದರು, ನೀರು ಬೆಲ್ಲ ಕೊಟ್ಟರು. ಆಚೆ ಮನೆಗಳ ಮೀನೂಟದ ವಾಸನೆ ಗಾಳಿಯಲ್ಲಿತ್ತು.

"ಅವತ್ತು ನಾನು ಬಂದದ್ದು ಮೂರೂವರೆಗೆ," ಎಂದೆ. ಇದನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತುಹೋಗಿ ಇಷ್ಟೇ ಬಂತು.

"ಗೊತ್ತಿತ್ತು. ಐಸು ಹಾಕಿದ ಕೈ ನನ್ನದಲ್ವಾ? ಹನ್ನೊಂದಕ್ಕೆಲ್ಲ ಎಂತ ಆಗ್ಲಿಕ್ಕಿಲ್ಲ ಅದಕ್ಕೆ."

"ಮೀನು ನಿಮ್ಮದು ಸರಿಯಿತ್ತು. ಲ್ಯಾಬಿನಲ್ಲಿ ನೋಡಿದ್ದೇನೆ."

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. "ಯಾವಾಗ ನೋಡಿದ್ದು?"

"ಆ ವಾರವೇ."

ಅವರು ಬೆರಳು ಮಡಚಿ ತಿಂಗಳು ಎಣಿಸಿದರು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ, ಅದಕ್ಕೆ ತಯಾರಾಗಿಯೇ ಬಂದಿದ್ದೆ. ಆ ಬೆರಳುಗಳನ್ನು ನೋಡಲಾಗಲಿಲ್ಲ. ಅಳು ಬಂತು, ಅತ್ತೆ. ನಾನು ಅಳು ನಿಲ್ಲಿಸುವ ತನಕ ಅವರು ಮತ್ತೆ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು.

"ನಿಮ್ಮ ಓಣಿ ಒಂದೇ ಅಲ್ಲ ಮೇಡಂ. ಆಚೆ ರಸ್ತೆಯ ಮನೆಗಳವರೂ ಬಿಟ್ಟರು. ಮೂವತ್ತು ವರ್ಷ ಮೀನು ಮಾರಿದ್ದೇನೆ, ಹಳತು ಕೊಟ್ಟಳು ಅಂತ ಒಬ್ಬರ ಬಾಯಲ್ಲಿ ಬಂದದ್ದಿಲ್ಲ." ಎಣ್ಣೆಯ ಬಟ್ಟಲು ಬದಿಗಿಟ್ಟು ಹೇಳಿದರು, "ಮತ್ತೆ, ಇದನ್ನು ನನ್ನ ಹತ್ರ ಹೇಳಿ ಎಂತ ಮಾಡುದು? ನನಗೆ ಗೊತ್ತಿದ್ದದ್ದೇ ಅಲ್ವಾ. ನೀವು ಹೇಳಿದ್ದು ಗೇಟಿನ ಹತ್ರ."

ಆ ಭಾನುವಾರ ಬೆಳಿಗ್ಗೆ, ಸ್ಕೂಟರಿನವನ ಹಾರನ್ನಿಗೆ ಹೆಂಗಸರು ಸೇರಿದ್ದಾಗ, ಡ್ರಾಯರಿನ ಕಾಗದ ಹಿಡಿದು ಗೇಟಿಗೆ ಇಳಿದೆ. ಎಲ್ಲ ಹೇಳಿದೆ. ಮೂರೂವರೆ, ಬಿಸಿಲು, ಸುಳ್ಳು, ಸ್ಯಾಂಪಲ್ ಸಾಕಾಗಲಿಲ್ಲ ಎಂದ ಇನ್ನೊಂದು ಸುಳ್ಳು. ನನ್ನನ್ನು ಹೀನಾಯವಾಗಿ ನೋಡಿಯಾರೆಂದು ನಾಲ್ಕು ತಿಂಗಳು ಹೆದರಿದ್ದೆನಲ್ಲ, ಹಾಗೇನೂ ಆಗಲಿಲ್ಲ.

"ಓ ಅದಾ? ಅದೆಲ್ಲ ಈಗ ಯಾರಿಗೆ ನೆನಪುಂಟು ಮಾರಾಯ್ತಿ," ಎಂದರು ಎದುರು ಮನೆಯವರು, ಮೀನು ಆರಿಸುತ್ತಲೇ.

"ಪಾಪ, ಒಳ್ಳೆಯ ಹೆಂಗಸು," ಎಂದರು ಇನ್ನೊಬ್ಬರು. ಕೆಳಗಿನ ಅಮ್ಮ ಮಾತ್ರ ಕಾಗದವನ್ನು ತೆಗೆದುಕೊಂಡು, ಕನ್ನಡಕ ಹಾಕಿ ಪೂರ್ತಿ ಓದಿದರು. ಓದಿ ನನ್ನ ಕೈಗೆ ವಾಪಸು ಕೊಟ್ಟರು. "ಆ ಚೀಲವನ್ನು ನಮ್ಮಲ್ಲಿ ಕೊಡ್ಲಿಕ್ಕೆ ಹೇಳಿದ್ದರೆ ಆಗ್ತಿತ್ತಲ್ಲ," ಎಂದಷ್ಟೇ ಹೇಳಿದರು. ಅದೇ ಸಂಜೆ ಅವರೇ ಅಕ್ಕನಿಗೆ ಫೋನು ಮಾಡಿದರೆಂದು ಆಮೇಲೆ ಗೊತ್ತಾಯಿತು.

ಅಕ್ಕ ಮತ್ತೆ ಬರತೊಡಗಿದರು. ಆದರೆ ಎಂಟೂವರೆಗಲ್ಲ, ಹತ್ತು ಗಂಟೆಗೆ, ನಾನು ಮಣಿಪಾಲ ಸೇರಿದ ಮೇಲೆ. ಬೇರೆ ಕಡೆ ಗಿರಾಕಿಗಳಾಗಿದ್ದಾರೆ, ಅಲ್ಲಿ ಮುಗಿಸಿ ಬರುತ್ತಾರೆ ಎಂದರು ಅಮ್ಮ. ಇರಬಹುದು. ಭಾನುವಾರ ಅವರು ಬರುವುದಿಲ್ಲ. ಮೊದಲ ವಾರದಲ್ಲೇ ಒಂದು ಸಂಜೆ ನಾನು ಬಂದಾಗ ಮೊಳೆಯಲ್ಲಿ ಚೀಲವಿತ್ತು. ಬಟ್ಟೆಯ ಚೀಲದೊಳಗೆ ಗೋಣಿತುಂಡು, ಅದರೊಳಗೆ ಮುಚ್ಚಳ ಬಿಗಿದ ಥರ್ಮಾಕೋಲಿನ ಸಣ್ಣ ಡಬ್ಬಿ. ಡಬ್ಬಿಯ ತುಂಬ ಐಸು, ಸಂಜೆ ಆರಕ್ಕೂ ಕಲ್ಲಿನ ಹಾಗೆ ಗಟ್ಟಿ. ಕೆದಕಿ ನೋಡಿದರೆ ಅಡಿಯಲ್ಲಿ ಎರಡು ಬಂಗುಡೆ. ಅಂಥ ತಾಜಾ ಮೀನು ನಾನು ಯಾವತ್ತೂ ತಿಂದಿಲ್ಲ. ನಾನು ಮೊಳೆಗೆ ಖಾಲಿ ಡಬ್ಬಿ ಹಾಕುತ್ತೇನೆ, ಅವರು ತುಂಬಿಸಿ ಹೋಗುತ್ತಾರೆ.

ಇಪ್ಪತ್ತು ದಿನ ಹೀಗೆ ತಿಂದ ಮೇಲೆ ತಡೆಯಲಾಗಲಿಲ್ಲ. ಒಂದು ಬುಧವಾರ ಲ್ಯಾಬಿಗೆ ರಜೆ ಹಾಕಿದೆ. ಒಂಬತ್ತೂವರೆಗೇ ಹೋಗಿ ಗೇಟಿನ ಕಂಬಕ್ಕೆ ಒರಗಿ ನಿಂತೆ. ಚೆಂದದ ಸೀರೆ ಉಟ್ಟಿದ್ದೆ, ಹೇಳಲು ನಾಚಿಕೆಯಾಗುತ್ತದೆ. ಹತ್ತು ಗಂಟೆಗೆ ಅಕ್ಕ ಬಂದರು. ನಾಲ್ಕು ಮನೆಯವರಿಗೆ ಮೀನು ಕೊಟ್ಟು, ಅವರ ಜೊತೆ ನಕ್ಕು ಮಾತಾಡಿ, ಕೊನೆಗೆ ನನ್ನ ಕಡೆ ಬಂದರು. ಮಂಡಿ ಹೇಗುಂಟು ಎಂದು ಕೇಳಿದೆ. ಉಂಟು ಹಾಗೇ, ಎಂದರು. ಡಬ್ಬಿಗೆ ಐಸು ಸುರಿದು, ಎರಡು ಬಂಗುಡೆ ಆರಿಸಿ ಇಟ್ಟು, ಮತ್ತೆ ಐಸು ಹಾಕಿ ಮುಚ್ಚಿ, ಗೋಣಿ ಸುತ್ತಿ ಚೀಲದೊಳಗಿಟ್ಟರು. ನಾನು ಕೈ ಚಾಚಿದೆ. ಅವರು ನನ್ನ ಕೈಯ ಪಕ್ಕದಿಂದಲೇ ಕೈ ಎತ್ತಿ, ಚೀಲವನ್ನು ಮೊಳೆಗೆ ಹಾಕಿದರು.

"ಐಸು ತುಂಬ ಹಾಕಿದ್ದೇನೆ ಮೇಡಂ," ಎಂದರು. "ಸಂಜೆವರೆಗೆ ಎಂತ ಆಗುದಿಲ್ಲ."